ಮೆಮೊರಿ ಚಾನೆಲ್: ಹ್ಯಾಮ್ ಸೆಟ್‌ನಲ್ಲಿ ತುಂಬುವ ಕ್ರಮ, ಬಳಸುವ ಬಗೆ

ಹ್ಯಾಮ್ ಸೆಟ್‌ನ, ಅಂದರೆ ಹವ್ಯಾಸಿ ರೇಡಿಯೊದ, ಮೆಮೊರಿ ಚಾನೆಲ್ ಎಂದರೆ ಫ್ರೀಕ್ವೆನ್ಸಿ ಬರೆದಿಡುವ ಜಾಗ ಎಂದಷ್ಟೇ ತಿಳಿದವರಿಗೆ ಮೊದಲ ದಿನವೇ ತೊಡಕು ಎದುರಾಗುತ್ತದೆ. ರಿಪೀಟರ್‌ನಲ್ಲಿ (ಒಂದು ಫ್ರೀಕ್ವೆನ್ಸಿಯಲ್ಲಿ ಕೇಳಿದ್ದನ್ನು ಇನ್ನೊಂದರಲ್ಲಿ ಮರುಪ್ರಸಾರ ಮಾಡುವ ಕೇಂದ್ರ) ಮಾತಾಡುವವರ ಧ್ವನಿ ಸ್ಪಷ್ಟವಾಗಿ ಕೇಳುತ್ತಿರುತ್ತದೆ. ಆದರೆ ಪಿಟಿಟಿ (ಮಾತಾಡಲು ಒತ್ತುವ ಗುಂಡಿ) ಒತ್ತಿ ಎಷ್ಟು ಸಲ ಕಾಲ್‌ಸೈನ್ (ತಮ್ಮ ಗುರುತಿನ ಸಂಕೇತ) ಹೇಳಿದರೂ ಉತ್ತರ ಬರುವುದಿಲ್ಲ. ಹೀಗಾದಾಗ ಮೊದಲು ಅನುಮಾನಿಸಬೇಕಾದದ್ದು ಟೋನನ್ನು, ಅಂದರೆ ರಿಪೀಟರ್ ತೆರೆಯಲು ಧ್ವನಿಯ ಜೊತೆ ಕಳಿಸುವ ಕೆಳಸ್ವರದ ಸಂಕೇತವನ್ನು. ಫ್ರೀಕ್ವೆನ್ಸಿ, ಶಿಫ್ಟ್‌ನ ದಿಕ್ಕು (ಪ್ರಸಾರದ ಫ್ರೀಕ್ವೆನ್ಸಿ ಕೇಳುವುದಕ್ಕಿಂತ ಮೇಲೋ ಕೆಳಗೋ ಎಂಬುದು), ಆಫ್‌ಸೆಟ್ (ಅವೆರಡರ ಅಂತರ), ಸಿಟಿಸಿಎಸ್ಎಸ್ ಎಂಬ ಆ ಟೋನ್, ಮೋಡ್ (ಎಫ್‌ಎಂನಂಥ ಪ್ರಸಾರದ ಬಗೆ) ಇವೆಲ್ಲವೂ ಸೇರಿದರೆ ಮಾತ್ರ ಅದು ಒಂದು ಚಾನೆಲ್.

ಆದ್ದರಿಂದ ಎಲ್ಲವನ್ನೂ ಮೊದಲು ವಿಎಫ್‌ಒದಲ್ಲಿ (ಬೇಕಾದ ಫ್ರೀಕ್ವೆನ್ಸಿಯನ್ನು ನಾವೇ ಆರಿಸುವ ಸ್ಥಿತಿ) ಹೊಂದಿಸಿಕೊಳ್ಳಬೇಕು. 2 ಮೀಟರ್ ಬ್ಯಾಂಡ್‌ನಲ್ಲಿ (145 ಮೆಗಾಹರ್ಟ್ಸ್ ಆಸುಪಾಸು) ಆಫ್‌ಸೆಟ್ ಸಾಮಾನ್ಯವಾಗಿ 600 ಕಿಲೋಹರ್ಟ್ಸ್. 70 ಸೆಂಟಿಮೀಟರ್ ಬ್ಯಾಂಡ್‌ನಲ್ಲಿ (435 ಮೆಗಾಹರ್ಟ್ಸ್ ಆಸುಪಾಸು) ಅದು ದೇಶದಿಂದ ದೇಶಕ್ಕೆ ಬದಲಾಗುವುದರಿಂದ ವಿಚಾರಿಸಿಯೇ ಹಾಕಬೇಕು. ಟೋನನ್ನು ಪ್ರಸಾರಕ್ಕೆ ಮಾತ್ರ ಇಡಿ; ಸ್ವೀಕಾರಕ್ಕೂ ಇಟ್ಟರೆ, ರಿಪೀಟರ್ ಟೋನ್ ಕಳಿಸದಿದ್ದಲ್ಲಿ, ಸೆಟ್ ಮೌನವಾಗಿಯೇ ಉಳಿಯುತ್ತದೆ. ಒಮ್ಮೆ ರಿಪೀಟರ್ ತೆರೆದು, ಯಾರಾದರೂ ಉತ್ತರಿಸಿದ ಮೇಲೆಯೇ ಮೆಮೊರಿಗೆ ಬರೆಯುವುದು ಒಳ್ಳೆಯದೆಂದು ನನ್ನ ದೃಢ ಅಭಿಪ್ರಾಯ. ಬರೆಯುವ ಕೆಲಸ ಸುಲಭ: ಮೆಮೊರಿ ಗುಂಡಿಯನ್ನು ಒತ್ತಿಹಿಡಿದು, ನಾಬ್ ತಿರುಗಿಸಿ ಖಾಲಿ ಸಂಖ್ಯೆಯನ್ನು ಆರಿಸಿ, ಮತ್ತೆ ಒತ್ತಬೇಕು. ಗುಂಡಿಯ ಹೆಸರು ಸೆಟ್‌ನಿಂದ ಸೆಟ್‌ಗೆ ಬೇರೆಯಾದರೂ ಕ್ರಮ ಹೆಚ್ಚುಕಡಿಮೆ ಇದೇ. ಬರೆದಾದ ಮೇಲೆ ಚಾನೆಲ್‌ನಲ್ಲಿ ಮಾಡಿದ ಬದಲಾವಣೆಗಳನ್ನು ಹಲವು ಸೆಟ್‌ಗಳು ತಾತ್ಕಾಲಿಕವೆಂದೇ ಎಣಿಸುತ್ತವೆ. ಅವು ಉಳಿಯಬೇಕಾದರೆ ಇನ್ನೊಮ್ಮೆ ಬರೆಯಲೇಬೇಕು.

ಮೆಮೊರಿಯ ನಿಜವಾದ ಬೆಲೆ ತಿಳಿಯುವುದು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ರಿಪೀಟರ್ ಬಳಸುವಾಗ. ಅದಕ್ಕೆ ನಾವು 145.990 ಮೆಗಾಹರ್ಟ್ಸ್‌ನಲ್ಲಿ 67.0 ಹರ್ಟ್ಸ್ ಟೋನ್‌ನೊಂದಿಗೆ ಮಾತಾಡಬೇಕು, 437.800ರಲ್ಲಿ ಕೇಳಬೇಕು. ನಿಲ್ದಾಣ ನಮ್ಮತ್ತ ಧಾವಿಸಿ ಬರುವಾಗ ಡಾಪ್ಲರ್ ಪರಿಣಾಮದಿಂದ ಕೇಳುವ ಫ್ರೀಕ್ವೆನ್ಸಿ ಸುಮಾರು 10 ಕಿಲೋಹರ್ಟ್ಸ್ ಮೇಲಿರುತ್ತದೆ, ದೂರ ಸರಿಯುವಾಗ ಅಷ್ಟೇ ಕೆಳಗಿಳಿಯುತ್ತದೆ. ಇಡೀ ಹಾದುಹೋಗುವಿಕೆ ಸುಮಾರು 10 ನಿಮಿಷದ್ದು. ಒಂದು ಕೈಯಲ್ಲಿ ಆಂಟೆನಾ ಹಿಡಿದು ಇನ್ನೊಂದರಲ್ಲಿ ಅಂಕಿ ಒತ್ತುತ್ತ ನಿಲ್ಲುವಷ್ಟು ವ್ಯವಧಾನ ಇರುವುದಿಲ್ಲ. ಅದಕ್ಕಾಗಿ 437.810, 437.805, 437.800, 437.795, 437.790 ಎಂದು ಐದು ಚಾನೆಲ್‌ಗಳನ್ನು ಒಂದರ ಪಕ್ಕ ಒಂದರಂತೆ ಬರೆದು, ಐದಕ್ಕೂ ಪ್ರಸಾರದ ಭಾಗದಲ್ಲಿ 145.990 ಮತ್ತು ಟೋನ್ ಇಟ್ಟುಕೊಳ್ಳಬೇಕು. 2 ಮೀಟರ್‌ನಲ್ಲಿ ಡಾಪ್ಲರ್ ಪಲ್ಲಟ ಸುಮಾರು 3 ಕಿಲೋಹರ್ಟ್ಸ್ ಅಷ್ಟೇ ಆದ್ದರಿಂದ ಎಫ್‌ಎಂನಲ್ಲಿ ಅದನ್ನು ತಿದ್ದುವ ಅಗತ್ಯವಿಲ್ಲ. ಸ್ವೀಕಾರ, ಪ್ರಸಾರಗಳಿಗೆ ಬೇರೆಬೇರೆ ಫ್ರೀಕ್ವೆನ್ಸಿ ಬರೆಯುವ ವಿಧಾನ ಮಾತ್ರ ಪ್ರತಿ ಸೆಟ್‌ನಲ್ಲೂ ಭಿನ್ನ. ಅದನ್ನು ಕೈಪಿಡಿಯಲ್ಲಿ ನೋಡಿಕೊಳ್ಳಿ. ಧ್ವನಿ ಮಸುಕಾಗತೊಡಗಿದ ಕೂಡಲೇ ನಾಬನ್ನು ಒಂದು ಮೆಟ್ಟಿಲು ತಿರುಗಿಸಿದರೆ ಮಾತು ಮತ್ತೆ ತಿಳಿಯಾಗುತ್ತದೆ.

ಚಾನೆಲ್‌ಗಳು ಹೆಚ್ಚಿದಂತೆ ಹೆಸರು ಕೊಡುವುದು ಅನಿವಾರ್ಯ. ಸದಾ ಗದ್ದಲವಿರುವ ಚಾನೆಲ್‌ಗೆ ಸ್ಕಿಪ್ ಗುರುತು ಹಾಕಿದರೆ ಸ್ಕ್ಯಾನ್ (ಸೆಟ್ ತಾನಾಗಿ ಚಾನೆಲ್‌ಗಳನ್ನು ಒಂದೊಂದಾಗಿ ಕೇಳುತ್ತ ಹೋಗುವುದು) ಅಲ್ಲಿ ನಿಲ್ಲುವುದಿಲ್ಲ.

ಕಂಪ್ಯೂಟರಿನಿಂದ ತುಂಬುವವರು ಚಿರ್ಪ್‌ನಂಥ ತಂತ್ರಾಂಶ ಬಳಸಬಹುದು. ಆದರೆ ಏನನ್ನೂ ಬರೆಯುವ ಮೊದಲು ಸೆಟ್‌ನಲ್ಲಿ ಇರುವುದನ್ನು ಓದಿಸಿಕೊಂಡು, ಆ ಫೈಲನ್ನು ದಿನಾಂಕದ ಹೆಸರಿನಲ್ಲಿ ಉಳಿಸಿ, ಅದರ ಒಂದು ನಕಲಿನಲ್ಲಿ ಮಾತ್ರ ತಿದ್ದಿ. ಕೇಬಲ್ ಸಡಿಲಗೊಂಡು ಬರವಣಿಗೆ ಅರ್ಧಕ್ಕೇ ನಿಂತರೆ, ಮೂಲ ಫೈಲಿನಿಂದಲೇ ಸೆಟ್ಟನ್ನು ಮೊದಲಿನ ಸ್ಥಿತಿಗೆ ತರಬಹುದು.