ಗುಜರಿಗೆ ಹೊರಟಿದ್ದ ಸೂಪರ್‌ಜೆಟ್, ಪೋರ್ಟ್ ಮುಟ್ಟದೆ ಕಟ್ಟಿದ ಎಂಜಿನ್

ಇದು ನನ್ನ ಜೆಟ್ ಸ್ಕೀಯ, ಅಂದ್ರೆ ನೀರಿನ ಮೇಲೆ ಓಡೋ ಗಾಡಿಯ ಎಂಜಿನ್ ಕಥೆ. ಪಂಪಿನ ಪೆಟ್ರೋಲ್, ಸುಮಾರು 180 ಪಿಎಸ್‌ಐ ಕಂಪ್ರೆಷನ್ (ಸಿಲಿಂಡರಿನೊಳಗೆ ಏಳುವ ಒತ್ತಡ), ಸಿಲಿಂಡರ್ ಪೋರ್ಟಿಗೆ, ಅಂದ್ರೆ ಗಾಳಿ, ಹೊಗೆ ಓಡಾಡುವ ಕಿಂಡಿಗೆ ಕೈ ಹಚ್ಚಿಲ್ಲ. ಹೀಗೆ ಕಟ್ಟಿದ ಎಂಜಿನ್ ಹತ್ತು ಗಂಟೆ ಬಾಳಲ್ಲ, ಪಿಸ್ಟನ್ ತೂತಾಗತ್ತೆ ಅಂತ ಕೇಳಿದವರೆಲ್ಲ ಹೇಳಿದ್ದರು. ಮೊನ್ನೆಗೆ 60 ಗಂಟೆ ದಾಟಿತು. ಹೆಡ್ (ಸಿಲಿಂಡರಿನ ಮುಚ್ಚಳ) ಬಿಚ್ಚಿ ನೋಡಿದೆ, ಪಿಸ್ಟನ್ ತಲೆ ಹಾಲ್ಗಂದು ಬಣ್ಣಕ್ಕೆ ತಿರುಗಿದೆ, ಅಂಚು ಚೊಕ್ಕಟವಾಗಿದೆ. ಅದಕ್ಕೇ ಬರೆಯೋಣ ಅನ್ನಿಸಿತು.

ನನ್ನ ಸ್ಕೀ, ನಿಂತುಕೊಂಡೇ ಓಡಿಸುವ ಯಮಾಹಾ ಸೂಪರ್‌ಜೆಟ್, 701 ಸಿಸಿ. ಬೋರ್ (ಸಿಲಿಂಡರಿನ ಅಗಲ) 81 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ) 68, ಎರಡು 38ರ ಮಿಕುನಿ ಕಾರ್ಬ್ಯುರೇಟರ್. 2021ರಿಂದ ಸೂಪರ್‌ಜೆಟ್‌ಗೂ ಮೂರು ಸಿಲಿಂಡರಿನ ಫೋರ್ ಸ್ಟ್ರೋಕ್ ಬಂತು. ಹಾಗಾಗಿ ಹಳೇ ಟೂ ಸ್ಟ್ರೋಕ್ ಅಂದ್ರೆ ನನಗೆ ಸ್ವಲ್ಪ ಜಾಸ್ತಿನೇ ಪ್ರೀತಿ. ಇದು ಉಪ್ಪುನೀರಲ್ಲಿ ಮುಳುಗಿ, ಎತ್ತಿದ ಮೇಲೂ ಯಾರೂ ಪ್ಲಗ್ ಬಿಚ್ಚದೆ ತಿಂಗಳುಗಟ್ಟಲೆ ಬಿದ್ದಿತ್ತು. ಮೂತಿ ಒಡೆದಿತ್ತು. ಗುಜರಿ ಬೆಲೆಗೆ ಸಿಕ್ಕಿತು. ಆ ಖುಷಿ ಎರಡು ದಿನ ಇತ್ತು ಅಷ್ಟೇ.

ಮೊದಲು ಹಲ್, ಅಂದ್ರೆ ಸ್ಕೀಯ ಹೊರ ಒಡಲು. ಯಾರೋ ಅದಕ್ಕೆ ಪಾಲಿಯೆಸ್ಟರ್ ರೆಸಿನ್ ಹಾಕಿ, ಮೇಲೆ ಪುಟ್ಟಿ ಮೆತ್ತಿ, ಬಣ್ಣ ಬಳಿದಿದ್ದರು. ಸ್ಕ್ರೂಡ್ರೈವರ್ ತುದಿ ತೂರಿಸಿದ್ದೇ ತಡ, ಇಡೀ ತೇಪೆ ಹಳೇ ಗೋಡೆಯ ಸುಣ್ಣದ ಹಾಗೆ ಎದ್ದು ಬಂತು. ಈ ಹಲ್ ಎಸ್‌ಎಂಸಿ, ಅಂದ್ರೆ ಗಾಜಿನ ನಾರು, ರೆಸಿನ್ ಸೇರಿಸಿ ಅಚ್ಚಿನಲ್ಲಿ ಒತ್ತಿ ಮಾಡಿದ್ದು. ಅಚ್ಚಿನಿಂದ ಬಿಡಿಸಲಿ ಅಂತ ಅದರೊಳಗೇ ಜಾರುವ ವಸ್ತು ಸೇರಿಸಿರುತ್ತಾರೆ, ಪಾಲಿಯೆಸ್ಟರ್ ಅದಕ್ಕೆ ಸರಿಯಾಗಿ ಹಿಡಿಯಲ್ಲ. ಎಪಾಕ್ಸಿನೇ ಬೇಕು. ಒರಟು ಉಪ್ಪುಕಾಗದದಲ್ಲಿ ಆಳಕ್ಕೆ ಉಜ್ಜಬೇಕು, ಬಿರುಕಿನ ಅಂಚನ್ನು ದಪ್ಪದ ಹನ್ನೆರಡರಷ್ಟು ಅಗಲಕ್ಕೆ ಇಳಿಜಾರು ಮಾಡಬೇಕು.

ನಾನು ಮಾಡಿದ ತಪ್ಪು ಬೇರೆ. ಮನೆಯಲ್ಲಿ ಉಳಿದಿದ್ದ ಚಾಪ್ಡ್ ಮ್ಯಾಟ್ (ಕತ್ತರಿಸಿದ ಗಾಜಿನ ಎಳೆಗಳ ಹಾಸು) ಎಸೆಯೋದು ಯಾಕೆ ಅಂತ ಎಪಾಕ್ಸಿ ಜೊತೆ ಅದನ್ನೇ ಹಾಕಿದೆ. ಆ ಮ್ಯಾಟಿನ ಎಳೆಗಳನ್ನು ಹಿಡಿದಿಡುವ ಅಂಟು ಕರಗೋದು ಪಾಲಿಯೆಸ್ಟರಿನ ಸ್ಟೈರೀನಿಗೆ. ಎಪಾಕ್ಸಿಯಲ್ಲಿ ಅದು ಒದ್ದೆ ರಟ್ಟಿನ ಹಾಗೆ ಸೆಟೆದು ನಿಂತಿತು, ಮೂಲೆಯಲ್ಲಿ ಕೂರಲೇ ಇಲ್ಲ. ಎಲ್ಲ ಕೆತ್ತಿ ತೆಗೆದು ನೇಯ್ದ ಬಟ್ಟೆ ಹಾಕಿದೆ, ಒಳಗಿನಿಂದ ನಾಲ್ಕು ಪದರ, ಹೊರಗಿನಿಂದ ಎರಡು. ಮಧ್ಯೆ ಒಂದು ರಾತ್ರಿ ಬಿಟ್ಟರೆ ಮೇಲೆ ಜಿಡ್ಡು ಬರತ್ತೆ, ಬರೀ ನೀರಲ್ಲಿ ತೊಳೆದು ಆಮೇಲೆ ಉಜ್ಜಿ. ಜಿಡ್ಡಿನ ಮೇಲೇ ಉಜ್ಜಿದರೆ ಅದನ್ನು ಒಳಕ್ಕೆ ತುಂಬಿಸಿದಂತೆ.

ಹಲ್ ಒಳಗೆ ತುಂಬಿರುವ, ತೇಲಿಸುವ ಫೋಮ್ ಬಗ್ಗೆ ಒಂದೇ ಮಾತು. ತೂಕ ಹಾಕಿ ನೋಡಿ. ನನ್ನದರಲ್ಲಿ ನೀರು ಕುಡಿದ ಫೋಮ್ ಕೆತ್ತಿ ತೆಗೆದ ಮೇಲೆ ಹದಿನೈದು ಕೆ.ಜಿ. ಮೇಲೆಯೇ ಇಳಿಯಿತು. ಪುಕ್ಕಟೆ ಹಾರ್ಸ್‌ಪವರ್ ಅಂದ್ರೆ ಇದೇ.

ಈಗ ದುಡ್ಡು ಹೋದ ಕಥೆ. ಕ್ರ್ಯಾಂಕ್ (ಪಿಸ್ಟನ್ ತಿರುಗಿಸುವ ದಂಡ) ಬಿಗಿಯಾಗಿತ್ತು. ಡೀಸೆಲ್‌ನಲ್ಲಿ ಒಂದು ವಾರ ನೆನೆಸಿಟ್ಟೆ, ತಿರುಗಿತು. ಕೈಯಲ್ಲಿ ತಿರುಗಿಸಿದಾಗ ಒಂದು ಕಡೆ ಸಣ್ಣಗೆ ಗರಗರ ಅಂತಿತ್ತು. ಓಡ್ತಾ ಓಡ್ತಾ ಸರಿಹೋಗತ್ತೆ ಅಂದುಕೊಂಡೆ. ಬೇರಿಂಗಿನಲ್ಲಿ ತುಕ್ಕಿನ ಗುಳಿ ಬಿದ್ದ ಮೇಲೆ ಯಾವುದೂ ಸರಿಹೋಗಲ್ಲ, ಅದು ನನಗೂ ಗೊತ್ತಿತ್ತು. ಆದ್ರೂ ಜಿಪುಣತನ. ಎರಡು ಗಂಟೆ ಓಡಿರಬೇಕು, ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ರಾಡಿನ ದೊಡ್ಡ ತುದಿಯ ಬೇರಿಂಗ್ ಕೇಜ್ ಒಡೆದು, ಅದರ ಚೂರು ಕೆಳಗಿನಿಂದ ಸಿಲಿಂಡರಿಗೆ ಏರುವ ಟ್ರಾನ್ಸ್‌ಫರ್ ಪೋರ್ಟಿನಿಂದ ಮೇಲೆ ಬಂದು ಪಿಸ್ಟನ್, ಹೆಡ್, ಸಿಲಿಂಡರ್ ಮೂರನ್ನೂ ಜಜ್ಜಿತು. ಅವತ್ತೇ ಕ್ರ್ಯಾಂಕ್ ಕಟ್ಟಿಸಿದ್ದರೆ ಆಗುತ್ತಿದ್ದ ಖರ್ಚಿನ ಮೂರರಷ್ಟು ಆಯಿತು.

ಹೊಸ ರಾಡ್, ಹೊಸ ಬೇರಿಂಗ್ ಹಾಕಿಸಿ ಕ್ರ್ಯಾಂಕ್ ಒತ್ತಿಸಿದೆ. ವಾಪಸ್ ಬಂದ ಮೇಲೆ ವಿ-ಬ್ಲಾಕ್ ಮೇಲಿಟ್ಟು ಡಯಲ್ ಗೇಜ್ ಹಿಡಿದರೆ 0.12 ಮಿ.ಮೀ. ಆಡ್ತಾ ಇದೆ! ಬೆಸುಗೆ ಬೇರೆ ಹಾಕಿ ಕಳಿಸಿದ್ದರು. ಅದನ್ನು ಕಿತ್ತು, ಇನ್ನೊಬ್ಬರ ಹತ್ತಿರ ಮತ್ತೆ ಕೂರಿಸಿ, 0.03 ಒಳಗೆ ಬಂದ ಮೇಲೆಯೇ ಪಿನ್‌ಗಳಿಗೆ ಬೆಸುಗೆ ಹಾಕಿಸಿದೆ. ಎರಡನೇ ಸಲ ಪಕ್ಕದಲ್ಲೇ ನಿಂತಿದ್ದೆ.

ಇನ್ನು ಎಂಜಿನ್ ಜೋರು ಮಾಡೋ ವಿಷಯ. ಎಲ್ಲರ ಹಾಗೆ ನಾನೂ ಮೊದಲು ಎಕ್ಸಾಸ್ಟ್ ಪೋರ್ಟನ್ನೇ ಕೊರೆದೆ, ಬೇರೆ ಹಳೇ ಸಿಲಿಂಡರಿನಲ್ಲಿ. ಈ ಸ್ಟ್ರೋಕಿಗೆ ಪೋರ್ಟನ್ನು 1 ಮಿ.ಮೀ. ಎತ್ತರಿಸಿದರೆ ಡ್ಯುರೇಷನ್ (ಪೋರ್ಟ್ ತೆರೆದಿರುವ ಅವಧಿ) ಮೂರು ಡಿಗ್ರಿಗಿಂತ ಜಾಸ್ತಿ ಏರತ್ತೆ. ನಾನು ಒಂದೂವರೆ ಎತ್ತಿದೆ. ಮೇಲಿನ ಆರ್‌ಪಿಎಂನಲ್ಲಿ ಚೆನ್ನಾಗಿ ಕೂಗಿತು, ಕೆಳಗಿನದರಲ್ಲಿ ಸತ್ತೇಹೋಯಿತು. ನಿಂತು ಓಡಿಸುವ ಸ್ಕೀಯಲ್ಲಿ ಕೆಳಗಿನ ಎಳೆತ ಇಲ್ಲದಿದ್ದರೆ ನೀರಿಂದ ಮೇಲೇಳೋದೇ ಪಾಡು. ಕೊರೆದ ಲೋಹ ಮತ್ತೆ ಹಚ್ಚೋಕಾಗಲ್ಲ ಅಲ್ವಾ? ಆ ಸಿಲಿಂಡರ್ ಈಗ ಶೆಡ್ಡಿನ ಬಾಗಿಲು ಹೊಡೆದುಕೊಳ್ಳದ ಹಾಗೆ ತಡೆಯುತ್ತಿದೆ.

ಹಾಗಾಗಿ ಈ ಸಲ ಕೆಲಸವೆಲ್ಲ ಹೆಡ್‌ನಲ್ಲಿ. ಪಿಸ್ಟನ್ ತುದಿಗೇರಿದಾಗ ಅದಕ್ಕೂ ಹೆಡ್ಡಿಗೂ ನಡುವೆ ಉಳಿಯುವ ಸಂದಿ ಅಳೆಯೋಕೆ ಸೋಲ್ಡರ್ ತಂತಿಯನ್ನು ಪಿಸ್ಟನ್ ಪಿನ್ನಿನ ಸಾಲಿನಲ್ಲೇ ಎರಡೂ ಕಡೆ ಇಟ್ಟು ಒಂದು ಸುತ್ತು ತಿರುಗಿಸಿದೆ. ಬೇರೆ ದಿಕ್ಕಿಗೆ ಇಟ್ಟರೆ ಪಿಸ್ಟನ್ ವಾಲಿ ಸುಳ್ಳು ಲೆಕ್ಕ ಕೊಡತ್ತೆ. ಚಪ್ಪಟೆಯಾದ ತಂತಿ 1.8 ಮಿ.ಮೀ. ಹತ್ತಿರ ಇತ್ತು. ಅಷ್ಟು ಸಂದಿ ಇದ್ದರೆ ಅಂಚಿನಲ್ಲಿ ಉಳಿದ ಗಾಳಿ ಪೆಟ್ರೋಲ್ ಸರಿಯಾಗಿ ಉರಿಯಲ್ಲ, ತಣ್ಣಗೂ ಆಗಲ್ಲ, ಕೊನೆಗೆ ಅದೇ ತಾನಾಗಿ ಸಿಡಿಯತ್ತೆ, ಡಿಟೊನೇಷನ್ ಅಂದ್ರೆ ಇದೇ. ಸಂದಿ ಕಡಿಮೆ ಮಾಡಿದರೆ ಡಿಟೊನೇಷನ್ ಜಾಸ್ತಿ ಅಂತ ಗೆಳೆಯರ ವಾದ. ನನ್ನ ಲೆಕ್ಕ ತದ್ವಿರುದ್ಧ. ಡಿಟೊನೇಷನ್ ಬರೋದು ಸಂದಿ ಇಳಿಸಿ, ಪೆಟ್ರೋಲ್ ಉರಿಯುವ ಹೆಡ್ಡಿನೊಳಗಿನ ಚೇಂಬರನ್ನೂ ಚಿಕ್ಕದಾಗೇ ಬಿಟ್ಟರೆ.

ಲೇತ್ ಹಿಡಿಯುವ ಗೆಳೆಯನಿಗೆ ಹೇಳಿದಾಗ ಅವನು ಹೆಡ್ಡನ್ನು ಕೈಯಲ್ಲಿ ತಿರುಗಿಸಿ ನೋಡಿ, "ಮಾರಾಯ, ಒಂದು ಕಡೆ ಕೆತ್ತು ಅಂತೀಯ, ಇನ್ನೊಂದು ಕಡೆ ತೋಡು ಅಂತೀಯ, ಸುಮ್ನೆ ಇದ್ದ ಹಾಗೇ ಬಿಡಬಾರ್ದಾ?" ಅಂದ. ಮುಖ ಕೆತ್ತಿಸಿ ಸಂದಿಯನ್ನು 1.1ಕ್ಕೆ ತಂದೆ, ಚೇಂಬರಿನ ಡೋಮನ್ನು ತೋಡಿಸಿ ಜಾಗ ವಾಪಸ್ ಪಡೆದೆ. 0.9ಕ್ಕಿಂತ ಕೆಳಗೆ ಹೋಗುವ ಧೈರ್ಯ ನನಗಿಲ್ಲ, ಮೇಲಿನ ಆರ್‌ಪಿಎಂನಲ್ಲಿ ರಾಡ್ ಹಿಗ್ಗತ್ತೆ, ಪಿಸ್ಟನ್ ಹೆಡ್ಡಿಗೆ ಮುತ್ತಿಡತ್ತೆ. ಸಿರಿಂಜಿನಲ್ಲಿ ಎಣ್ಣೆ ತುಂಬಿ ಎರಡೂ ಚೇಂಬರ್ ಅಳೆದು ಸಮ ಮಾಡಿದೆ. ಬೇಸ್ ಗ್ಯಾಸ್ಕೆಟ್ ತೆಳು ಮಾಡಿಯೂ ಸಂದಿ ಇಳಿಸಬಹುದು, ಆದರೆ ಆಗ ಸಿಲಿಂಡರ್ ಇಳಿದು ಪೋರ್ಟ್ ಟೈಮಿಂಗ್ ಎಲ್ಲ ಬದಲಾಗತ್ತೆ. ಸ್ಕ್ವಿಷ್ ಪಟ್ಟಿಯ (ಆ ಸಂದಿಯ ಮೇಲಿರುವ ಹೆಡ್ ಅಂಚು) ಕೋನ ಎಷ್ಟು ಇಟ್ಟೆ ಅಂತ ಮಾತ್ರ ಕೇಳಬೇಡಿ. ಮೂರು ಹೆಡ್ ಹಾಳು ಮಾಡಿ ಕಂಡುಕೊಂಡಿದ್ದು, ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಸಿಲಿಂಡರ್ 81.5ಕ್ಕೆ ಬೋರ್ ಆಯಿತು, ಫೋರ್ಜ್ಡ್ (ಒತ್ತಿ ಬಡಿದು ಮಾಡಿದ) ಪಿಸ್ಟನ್. ಫೋರ್ಜ್ಡ್ ಜಾಸ್ತಿ ಹಿಗ್ಗತ್ತೆ ಅಂತ ಬೋರ್ ಮಾಡುವವರಿಗೆ ಪಿಸ್ಟನ್ ಕೈಗೆ ಕೊಟ್ಟೇ ಹೇಳಿ, 0.1ರ ಹತ್ತಿರ ಕ್ಲಿಯರೆನ್ಸ್ ಇಡಲಿ. ಕಂಪ್ರೆಷನ್ ಗೇಜ್ ಎರಡೂ ಕಡೆ 180ರ ಆಸುಪಾಸು, ವ್ಯತ್ಯಾಸ ಎರಡೋ ಮೂರೋ.

ಆದ್ರೂ ಮೊದಲ ಓಟದಲ್ಲೇ ಮುಂದಿನ ಪಿಸ್ಟನ್ ಕಚ್ಚಿತು! ಎಲ್ಲರೂ ನೋಡಿದ್ಯಾ ಅಂದರು. ಹೆಡ್ ತೆಗೆದೆ. ಡಿಟೊನೇಷನ್ ಆಗಿದ್ದರೆ ಪಿಸ್ಟನ್ ಅಂಚು ಇರುವೆ ತಿಂದಂತೆ ಇರಬೇಕಿತ್ತು, ಇಲ್ಲಿ ಅಂಚು ನುಣುಪಾಗಿಯೇ ಇದೆ, ಮೈಮೇಲೆ ಮಾತ್ರ ಗೀರು. ಗಾಳಿ ಒಳನುಗ್ಗಿ ಲೀನ್ ಆಗಿದೆ, ಅಂದ್ರೆ ಗಾಳಿಗೆ ಪೆಟ್ರೋಲ್ ಸಾಲದಾಗಿದೆ ಅಂತ ಅನುಮಾನ ಬಂತು. ಎಕ್ಸಾಸ್ಟ್, ಇನ್‌ಟೇಕ್ ಎರಡಕ್ಕೂ ರಬ್ಬರ್ ಹಾಕಿ ತಟ್ಟೆ ಬಿಗಿದು, ಸಣ್ಣ ಪಂಪಿನಲ್ಲಿ 7-8 ಪಿಎಸ್‌ಐ ತುಂಬಿ ಸೋಪುನೀರು ಹಚ್ಚಿದೆ. ಫ್ಲೈವೀಲ್ ಹಿಂದಿನ ಸೀಲಿನಲ್ಲಿ ಸಾಸಿವೆ ಗಾತ್ರದ ಗುಳ್ಳೆ ಒಂದೊಂದಾಗಿ ಏಳ್ತಾ ಇತ್ತು. ಎಂಜಿನ್ ಜೋಡಿಸುವಾಗ ಸೀಲಿನ ತುಟಿ ನಾನೇ ಮಡಚಿದ್ದೆ. ಒಂದು ಸೀಲಿಗೆ ಒಂದು ಪಿಸ್ಟನ್. ಈ ಟೆಸ್ಟನ್ನು ಸ್ಟಾರ್ಟ್ ಮಾಡೋಕೆ ಮುಂಚೆ ಮಾಡುವಂಥದ್ದು, ನಾನು ಆಮೇಲೆ ಮಾಡಿದೆ.

ನಡುವೆ ಒಂದಷ್ಟು ಹುಚ್ಚಾಟ. ಫ್ಲೈವೀಲ್ ಹಗುರ ಮಾಡಿಸಿದೆ. ಥ್ರಾಟಲ್ ಒತ್ತಿದರೆ ಬೆಚ್ಚಿಬೀಳೋ ಹಾಗೆ ಎದ್ದಿತು, ಆದರೆ ಐಡಲ್‌ನಲ್ಲಿ ನಿಲ್ಲದೆ ಅಲೆಯಲ್ಲಿ ಪದೇ ಪದೇ ಆಫ್ ಆಯಿತು. ಹಳೆಯದನ್ನೇ ಹಾಕಿದೆ. ಪೆಟ್ರೋಲಿಗೆ ಬೆರೆಸುವ ಎಣ್ಣೆ 50:1 ಇದ್ದದ್ದನ್ನು 40:1 ಮಾಡಿದೆ. ಎಣ್ಣೆ ಜಾಸ್ತಿಯಾದರೆ ಕಾರ್ಬ್ಯುರೇಟರಿನ ಅದೇ ಜೆಟ್‌ನಲ್ಲಿ (ಪೆಟ್ರೋಲ್ ಹರಿಯುವ ತೂತು) ಪೆಟ್ರೋಲ್ ಕಡಿಮೆ ಹೋಗತ್ತೆ, ಆದ್ದರಿಂದ ಜೆಟ್ ಮತ್ತೆ ಒಂದು ಮೆಟ್ಟಿಲು ಏರಿಸಬೇಕಾಯಿತು. ಎಕ್ಸಾಸ್ಟ್ ಪೈಪಿಗೆ ನೀರು ಚಿಮ್ಮಿಸುವ ಸ್ಕ್ರೂಗಳ ಜೊತೆ ಆಡಿದ್ದಕ್ಕೆ ಲೆಕ್ಕವಿಲ್ಲ. ನೀರು ಜಾಸ್ತಿಯಾದರೆ ಪೈಪ್ ತಣ್ಣಗಾಗಿ ಪವರ್ ಕೆಳಗಿನ ಆರ್‌ಪಿಎಂಗೆ ಇಳಿಯತ್ತೆ, ಕಡಿಮೆಯಾದರೆ ಮೇಲೇರತ್ತೆ. ನನ್ನ ಸೆಟ್ಟಿಂಗ್ ಹೇಳಿ ಪ್ರಯೋಜನವಿಲ್ಲ, ನಿಮ್ಮ ಪೈಪಿಗೆ ಅದು ಹೊಂದಲ್ಲ.

ಒಂದು ಬೈಗುಳದ ಕಥೆಯೂ ಇದೆ. ಸ್ಟ್ಯಾಂಡಿನ ಮೇಲೆ ನಲ್ಲಿ ಪೈಪು ಸಿಕ್ಕಿಸಿ ಓಡಿಸುವಾಗ ಮೊದಲು ಎಂಜಿನ್, ಆಮೇಲೆ ನೀರು; ನಿಲ್ಲಿಸುವಾಗ ಮೊದಲು ನೀರು, ಆಮೇಲೆ ಎಂಜಿನ್. ಎಲ್ಲರಿಗೂ ಗೊತ್ತು. ನನಗೂ ಗೊತ್ತು. ಫೋನ್ ಬಂತು ಅಂತ ಎಂಜಿನ್ ಆಫ್ ಮಾಡಿ ಮಾತಾಡ್ತಾ ನಿಂತೆ, ನೀರು ಓಡ್ತಲೇ ಇತ್ತು. ಮತ್ತೆ ಸ್ಟಾರ್ಟ್ ಒತ್ತಿದರೆ "ಟಕ್" ಅಂತ ನಿಂತಿತು. ಪ್ಲಗ್ ಬಿಚ್ಚಿದಾಗ ನೀರು ಕಾರಂಜಿ. ಅದೃಷ್ಟಕ್ಕೆ ರಾಡ್ ಬಾಗಿರಲಿಲ್ಲ, ಡಯಲ್ ಗೇಜ್ ಇಟ್ಟು ನೋಡಿದ ಮೇಲೆಯೇ ಉಸಿರು ಬಂತು.

ಮೊದಲು ಆರ್‌ಪಿಎಂ ಮೀಟರ್ 6100 ಹತ್ತಿರ ನಿಲ್ಲುತ್ತಿತ್ತು, ಈಗ ಅದೇ ಇಂಪೆಲ್ಲರ್‌ನಲ್ಲಿ (ನೀರು ತಳ್ಳುವ ರೆಕ್ಕೆಚಕ್ರ) 6600 ಚಿಲ್ಲರೆ. ಅಂದ್ರೆ ಇಂಪೆಲ್ಲರ್ ಸಾಲದು, ಪಿಚ್ (ರೆಕ್ಕೆಯ ಓರೆ) ಜಾಸ್ತಿ ಇರೋದು ಬೇಕು. ಒಟ್ಟು ಖರ್ಚು ಸ್ಕೀ ಕೊಂಡ ದುಡ್ಡಿನ ಐದಾರು ಪಟ್ಟು. ಅದರಲ್ಲಿ ಅರ್ಧ ನನ್ನ ಜಿಪುಣತನದ ದಂಡ. ಲೇತ್ ಗೆಳೆಯ ಕಳೆದ ವಾರ ತನ್ನ ಹೆಡ್ ತಂದು ನನ್ನ ಮೇಜಿನ ಮೇಲಿಟ್ಟು ಹೋಗಿದ್ದಾನೆ. ಕೋನ ಎಷ್ಟು ಅಂತ ಅವನಿಗೂ ಹೇಳಿಲ್ಲ, ಆದರೆ ತೋಡಬೇಕಾದವನು ಅವನೇ, ನೋಡಬೇಕು.