ಬೇಲಿಯ ಹೂವಿನ ಶರಬತ್ತು: ಕೀಳುವ ಮೊದಲು ನಾನು ನೋಡುವುದು

ಇಂಗ್ಲೆಂಡಿನ ಹಳ್ಳಿ ದಾರಿಗಳ ಪಕ್ಕ ಹೊಲಗಳಿಗೆ ಗಿಡಗಳದ್ದೇ ಬೇಲಿ. ಮೇ ಕೊನೆಯಿಂದ ಜೂನ್‌ವರೆಗೆ ಆ ಬೇಲಿಗಳಲ್ಲಿ ಎಲ್ಡರ್ ಎಂಬ ಪೊದೆಯಂಥ ಚಿಕ್ಕ ಮರ ಹೂ ಬಿಡುತ್ತದೆ. ಆ ಹೂವಿನ ಶರಬತ್ತು ಮಾಡುವುದು ಸುಲಭ. ಕಷ್ಟ ಇರುವುದು ಗಿಡ ಗುರುತಿಸುವುದರಲ್ಲಿ.

ಯಾಕೆಂದರೆ ಅದೇ ಬೇಲಿಯಲ್ಲಿ, ಅದೇ ದಿನಗಳಲ್ಲಿ, ಕೊಡೆಯಂತೆ ಹರಡಿದ ಬಿಳಿ ಹೂವಿನ ಗಿಡಗಳು ಇನ್ನೂ ಹಲವು ಇರುತ್ತವೆ. ಅವುಗಳಲ್ಲಿ ಒಂದು ಹೆಮ್ಲಾಕ್, ಪ್ರಾಣ ತೆಗೆಯುವಂಥ ವಿಷದ ಗಿಡ. ಸಾಕ್ರಟೀಸನಿಗೆ ಕುಡಿಸಿದ್ದು ಇದನ್ನೇ ಎನ್ನುತ್ತಾರೆ. ಇದು ಕೊತ್ತಂಬರಿ, ಜೀರಿಗೆಯ ಕುಟುಂಬದ ಗಿಡ. ಹೂ ಬಿಟ್ಟ ಕೊತ್ತಂಬರಿ ನೋಡಿ ಬೆಳೆದ ನಮ್ಮಂಥವರಿಗೆ ಅದು ಪರಿಚಯದ ಗಿಡ ಅನ್ನಿಸಿಬಿಡುತ್ತದೆ. ನಂಬಬಾರದ್ದು ಇದನ್ನೇ. ಅಂಥ ಸೀಳು ಸೀಳು ಎಲೆಯ ಗಿಡ ಕಂಡರೆ ನಾನು ಮುಟ್ಟುವುದೇ ಇಲ್ಲ.

ಹಾಗಾಗಿ ಹೂ ಕೊನೆಗೆ, ಕಾಂಡ ಮೊದಲು. ಎಲ್ಡರ್ ಮರದ ಜಾತಿ. ಹಳೆಯ ಕಾಂಡದ ತೊಗಟೆ ಬೆಂಡಿನಂತೆ ಒರಟು, ಬಿರುಕು ಬಿರುಕು. ಎಳೆ ಕೊಂಬೆ ಮುರಿದರೆ ಒಳಗೆ ಬಿಳಿ ಮೆತ್ತನೆ ತಿರುಳು. ಹೆಮ್ಲಾಕ್ ಮಾತ್ರ ಆಳೆತ್ತರ ಬೆಳೆದರೂ ಗಟ್ಟಿಯಾಗುವುದಿಲ್ಲ. ಕಾಂಡ ಹಸಿರು, ನುಣುಪು, ಒಳಗೆ ಟೊಳ್ಳು, ಮೈಮೇಲೆ ನೇರಳೆ ಮಚ್ಚೆ. ಇನ್ನು ಎಲೆ. ಎಲ್ಡರ್‌ನಲ್ಲಿ ಒಂದೊಂದು ಕಡ್ಡಿಗೆ ಸಾಮಾನ್ಯವಾಗಿ 5 ಅಥವಾ 7 ಚಿಕ್ಕೆಲೆ, ಅಂಚು ಗರಗಸದ ಹಾಗೆ. ಕಡ್ಡಿಗಳು ಕೊಂಬೆಯ ಮೇಲೆ ಎದುರುಬದುರಾಗಿ ಇರುತ್ತವೆ. ಉಜ್ಜಿದರೆ ಕೆಟ್ಟ ವಾಸನೆ.

ಇಷ್ಟಾದರೂ ಒಂದು ಅಪಾಯ ಉಳಿಯುತ್ತದೆ. ಎಲ್ಡರ್ ಪೊದೆಯ ನಡುವೆಯೇ ಬೇರೆ ಗಿಡ ನುಗ್ಗಿ ಹೂ ಬಿಟ್ಟಿರಬಹುದು. ಅದಕ್ಕೇ ಪ್ರತಿ ಗೊಂಚಲಿನ ತೊಟ್ಟು ಹಿಡಿದು ಮರದ ಕೊಂಬೆಯವರೆಗೆ ಕಣ್ಣಾಡಿಸುತ್ತೇನೆ. ಆಮೇಲೆಯೇ ಕತ್ತರಿ. ನಿಧಾನ ಆಗುತ್ತದೆ, ಆಗಲಿ ಬಿಡಿ.

ಒಣ ಬಿಸಿಲಿನ ಬೆಳಿಗ್ಗೆ ಕಿತ್ತರೆ ಘಮ ಜಾಸ್ತಿ. ವಾಹನ ಓಡಾಡುವ ರಸ್ತೆ ಪಕ್ಕ, ಔಷಧಿ ಹೊಡೆದ ಹೊಲದ ಅಂಚು ಬೇಡ. ನಾಯಿ ಕಾಲೆತ್ತುವ ಎತ್ತರದ್ದೂ ಬೇಡ ಅಲ್ವಾ? ಹೂ ತೊಳೆಯುವುದಿಲ್ಲ, ಪರಾಗ ಹೋದರೆ ರುಚಿಯೂ ಹೋಯಿತು. ಕೊಡವಿ ಹುಳ ಉದುರಿಸಿದರೆ ಸಾಕು. ದಪ್ಪ ತೊಟ್ಟು, ಎಲೆ ಎಲ್ಲ ತೆಗೆಯಲೇಬೇಕು. ಅವುಗಳಲ್ಲಿ ಸೈನೈಡ್ ಬಿಡುಗಡೆ ಮಾಡುವ ಅಂಶ ಇದೆ. ಹಣ್ಣನ್ನೂ ಹಸಿಯಾಗಿ ತಿನ್ನಬಾರದು, ಮಾಗಿದ್ದನ್ನು ಬೇಯಿಸಿಯೇ ಬಳಸಬೇಕು.

ಒಂದೂವರೆ ಲೀಟರ್ ನೀರಿಗೆ ಒಂದೂವರೆ ಕೆಜಿ ಸಕ್ಕರೆ ಕರಗಿಸಿ ಕುದಿಸಿ, ಇಳಿಸಿ. 20 ಗೊಂಚಲು, ಹೆಚ್ಚಿದ 2 ನಿಂಬೆಹಣ್ಣು, 50 ಗ್ರಾಂ ಸಿಟ್ರಿಕ್ ಆ್ಯಸಿಡ್ ಹಾಕಿ ಒಂದು ದಿನ ಮುಚ್ಚಿಡಿ. ತೆಳು ಬಟ್ಟೆಯಲ್ಲಿ ಸೋಸಿ, ಕುದಿನೀರಲ್ಲಿ ತೊಳೆದ ಬಾಟಲಿಗೆ ತುಂಬಿ ಫ್ರಿಜ್‌ನಲ್ಲಿಡಿ. ಗುಳ್ಳೆ ಬಂದರೆ ಹುಳಿಯುತ್ತಿದೆ ಎಂದರ್ಥ. ಗಾಜಿನ ಬಾಟಲಿ ಬಿಗಿಯಾಗಿ ಮುಚ್ಚಿದ್ದರೆ ಸಿಡಿಯಲೂಬಹುದು.

ಕಾನೂನಿನ ವಿಷಯವೂ ಸ್ವಲ್ಪ ಗೊತ್ತಿರಲಿ. ಇಂಗ್ಲೆಂಡ್, ವೇಲ್ಸ್‌ನಲ್ಲಿ ತಾನಾಗಿ ಬೆಳೆದ ಕಾಡುಗಿಡದ ಹೂ, ಹಣ್ಣು, ಎಲೆಯನ್ನು ಮನೆ ಬಳಕೆಗೆ ಕಿತ್ತರೆ 1968ರ ಕಳ್ಳತನದ ಕಾಯ್ದೆಯಡಿ ಅದು ಕಳ್ಳತನ ಅಲ್ಲ. ಮಾರಲು ಕಿತ್ತರೆ ಮಾತು ಬೇರೆ. ಬೇರು ಸಮೇತ ಕೀಳಲು 1981ರ ವನ್ಯಜೀವಿ ಕಾಯ್ದೆಯಂತೆ ಜಮೀನಿನವರ ಒಪ್ಪಿಗೆ ಬೇಕು. ಬೇರು ಯಾರಿಗೆ ಬೇಕು, ನನಗಂತೂ ಬೇಡ.

ಶರತ್ಕಾಲಕ್ಕೆ ಮುಳ್ಳುಪೊದೆಯಲ್ಲಿ ಬಿಡುವ ಸ್ಲೋ ಹಣ್ಣಿನ ಸರದಿ. ಇಲ್ಲೂ ಮೊದಲು ಕೊಂಬೆಯನ್ನೇ ನೋಡುತ್ತೇನೆ. ಉದ್ದ ಗಟ್ಟಿ ಮುಳ್ಳಿರಬೇಕು. ಕಡುನೀಲಿ ಹಣ್ಣಿನ ಮೇಲಿನ ಬೂದಿಯಂಥ ಪುಡಿ ಬೆರಳಿಂದ ಒರೆಸಿದರೆ ಹೋಗಬೇಕು, ಒಳಗೆ ಒಂದೇ ಗಟ್ಟಿ ಓಟೆ ಇರಬೇಕು. ಮುಳ್ಳಿಲ್ಲದ ಗಿಡದಲ್ಲಿ, ಐದು ಹಸಿರು ಎಸಳಿನ ಮೇಲೆ ಮಿರಮಿರ ಮಿಂಚುವ ಕಪ್ಪು ಹಣ್ಣು ಕೂತಿದ್ದರೆ ಅದು ವಿಷದ ಬೆಲಡೋನಾ. ಸ್ಲೋ ಹಣ್ಣಿಗೆ ಚುಚ್ಚಿ, ಸಕ್ಕರೆ ಬೆರೆಸಿ ಜಿನ್ ಎಂಬ ಮದ್ಯದಲ್ಲಿ ಹಾಕಿಟ್ಟರೆ ಮೂರು ತಿಂಗಳಿಗೆ ಕೆಂಪು ಬಣ್ಣ ಚೆನ್ನಾಗಿ ಬಿಟ್ಟುಕೊಳ್ಳುತ್ತದೆ. ಆಗ ಹಣ್ಣು ಸೋಸಿ ತೆಗೆದರಾಯಿತು.