ದಿನ ವಿಶೇಷದ ಬೋರ್ಡು: ಐದೇ ಸಾಲು, ಆದರೆ ಸರಿಯಾದ ಸಾಲು

ಕೆಲವು ವರ್ಷಗಳ ಹಿಂದೆ ಸೆಪ್ಟೆಂಬರ್ 15ರ ಬೆಳಿಗ್ಗೆ ಒಂದು ಶಾಲೆಗೆ ಅತಿಥಿಯಾಗಿ ಹೋಗಿದ್ದೆ. ಪ್ರಾರ್ಥನೆ ಮುಗಿಯಿತು. ಪಂಚಾಂಗ ಓದಿದರು, ಸುದ್ದಿ ಓದಿದರು. ಆಮೇಲೆ ಆರನೇ ಕ್ಲಾಸಿನ ಹುಡುಗಿ ಚೀಟಿ ಹಿಡಿದು ಮುಂದೆ ಬಂದಳು. "ಇಂದು ಸರ್ ಎಂ. ವಿಶ್ವೇಶ್ವರಯ್ಯನವರ ಹುಟ್ಟುಹಬ್ಬ. ದೇವರು ಅವರಿಗೆ ಇನ್ನಷ್ಟು ಆಯುರಾರೋಗ್ಯ ಕೊಟ್ಟು ಕಾಪಾಡಲಿ" ಅಂತ ಗಟ್ಟಿಯಾಗಿ ಓದಿದಳು. ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ಮೇಷ್ಟ್ರುಗಳೂ ತಟ್ಟಿದರು. ವಿಶ್ವೇಶ್ವರಯ್ಯನವರು ತೀರಿಕೊಂಡದ್ದು 1962ರಲ್ಲಿ.

ಹುಡುಗಿಯ ತಪ್ಪೇನೂ ಇಲ್ಲ. ಚೀಟಿ ಬರೆದುಕೊಟ್ಟವರು ಹಿಂದಿನ ರಾತ್ರಿ ವಾಟ್ಸಾಪ್‌ನಲ್ಲಿ ಬಂದದ್ದನ್ನು ಹಾಗೇ ಇಳಿಸಿಕೊಂಡಿದ್ದರು. ಇಪ್ಪತ್ತು ವರ್ಷಕ್ಕೂ ಜಾಸ್ತಿ ಕಾಲ ಶಾಲೆಯ ಜಗಲಿಯಲ್ಲಿ ದಿನ ವಿಶೇಷದ ಬೋರ್ಡು ಬರೆದವನು ನಾನು. ಇಂಥ ಎಡವಟ್ಟು ಎಷ್ಟು ಸುಲಭ ಅಂತ ಗೊತ್ತು, ನಾನೂ ಮಾಡಿದ್ದೇನೆ. ಶಾಲೆ, ಲೈಬ್ರರಿ, ಅಪಾರ್ಟ್‌ಮೆಂಟಿನ ನೋಟಿಸ್ ಬೋರ್ಡು, ಕನ್ನಡ ಸಂಘದ ವಾಟ್ಸಾಪ್ ಗುಂಪು, ಎಲ್ಲಿಗೆ ಬರೆಯುವುದಾದರೂ ದಾರಿ ಒಂದೇ. ಸೆಪ್ಟೆಂಬರ್ 15ನ್ನೇ ಇಟ್ಟುಕೊಂಡು ಹೇಳುತ್ತೇನೆ.

ಹೆಜ್ಜೆ 1: ಸಿಕ್ಕಿದ್ದನ್ನೆಲ್ಲ ಬರೆದುಕೊಳ್ಳಿ

ಇದು ಹತ್ತು ನಿಮಿಷದ ಕೆಲಸ. ಹಳೇ ಪೇಪರ್, ಇಂಟರ್ನೆಟ್, ಗೋಡೆಯ ಕ್ಯಾಲೆಂಡರ್, ಯಾವುದಾದರೂ ಆದೀತು. ಸೆಪ್ಟೆಂಬರ್ 15ಕ್ಕೆ ನನಗೆ ಸಿಕ್ಕಿದ್ದು ಇಷ್ಟು: ವಿಶ್ವೇಶ್ವರಯ್ಯನವರ ಜನ್ಮದಿನ, ಅದೇ ಕಾರಣಕ್ಕೆ ಇಂಜಿನಿಯರುಗಳ ದಿನ. ವಿಶ್ವಸಂಸ್ಥೆ 2007ರಲ್ಲಿ ಗೊತ್ತುಮಾಡಿದ ಅಂತರರಾಷ್ಟ್ರೀಯ ಪ್ರಜಾಪ್ರಭುತ್ವ ದಿನ. 1959ರಲ್ಲಿ ದೆಹಲಿಯಲ್ಲಿ ಟಿವಿ ಪ್ರಸಾರ ಶುರುವಾದ ದಿನ. ತಮಿಳುನಾಡಿನ ಅಣ್ಣಾದುರೈ (1909), ಬಂಗಾಳಿ ಕಾದಂಬರಿಕಾರ ಶರತ್‌ಚಂದ್ರ ಚಟ್ಟೋಪಾಧ್ಯಾಯ (1876), ಪತ್ತೇದಾರಿ ಕಥೆಗಳ ಅಗಾಥಾ ಕ್ರಿಸ್ಟಿ (1890) ಹುಟ್ಟಿದ ದಿನ. ಗ್ವಾಟೆಮಾಲಾ, ಹೊಂಡುರಾಸ್, ಎಲ್ ಸಾಲ್ವಡಾರ್, ನಿಕರಾಗುವಾ, ಕೋಸ್ಟರಿಕಾ ಎಂಬ ಐದು ದೇಶಗಳ ಸ್ವಾತಂತ್ರ್ಯ ದಿನ (1821). 2008ರಲ್ಲಿ ಅಮೆರಿಕದ ಲೇಮನ್ ಬ್ರದರ್ಸ್ ದಿವಾಳಿ ಅರ್ಜಿ ಹಾಕಿದ ದಿನ.

ಬಸ್ ಸ್ಟ್ಯಾಂಡಿನಲ್ಲಿ ಮಾರುವ ತೆಳ್ಳನೆಯ ದಿನ ವಿಶೇಷದ ಪುಸ್ತಕಗಳನ್ನು ಮಾತ್ರ ತರಬೇಡಿ. ಒಂದರಲ್ಲಿದ್ದ ತಪ್ಪು ಇನ್ನೊಂದಕ್ಕೆ, ಅದರಿಂದ ಮತ್ತೊಂದಕ್ಕೆ ಹಾಗೇ ದಾಟಿರುತ್ತದೆ. ಮೂರು ಪುಸ್ತಕದಲ್ಲಿ ಒಂದೇ ಥರ ಇದೆ ಅಂದರೆ ಸರಿ ಇದೆ ಅಂತ ಅರ್ಥವಲ್ಲ, ಮೂವರೂ ಒಬ್ಬನದ್ದೇ ನಕಲು ಹೊಡೆದಿದ್ದಾರೆ ಅಂತ ಅರ್ಥ.

ಹೆಜ್ಜೆ 2: ಬೇರೆ ಬೇರೆ ಮಾಡಿ

ಹುಟ್ಟು, ಸಾವು, ಘಟನೆ, ಆಚರಣೆ. ನಾಲ್ಕು ಗುಂಪು ಸಾಕು.

ಹೆಜ್ಜೆ 3: ಒಂದೊಂದನ್ನೂ ಜಾಲಾಡಿ

ಎಲ್ಲರೂ ಹಾರಿಹೋಗುವುದು ಈ ಹೆಜ್ಜೆಯನ್ನೇ. ಬೋರ್ಡಿಗೆ ಒಂದು ಗಂಟೆ ಇಟ್ಟುಕೊಂಡಿದ್ದರೆ ಮುಕ್ಕಾಲು ಗಂಟೆ ಇದಕ್ಕೇ ಕೊಡಿ.

ಮೊದಲು ಕೇಳಬೇಕಾದ್ದು: ಇದು ತಾರೀಖಿನ ದಿನವೋ, ತಿಥಿಯ ದಿನವೋ? ಗಾಂಧಿ ಜಯಂತಿ ಯಾವತ್ತಿದ್ದರೂ ಅಕ್ಟೋಬರ್ 2. ಬಸವ ಜಯಂತಿ ಹಾಗಲ್ಲ. ಅದು ವೈಶಾಖ ಶುದ್ಧ ತದಿಗೆ, ಅಂದರೆ ಅಕ್ಷಯ ತೃತೀಯದ ದಿನ. 2024ರಲ್ಲಿ ಮೇ 10ಕ್ಕೆ ಬಂತು, 2025ರಲ್ಲಿ ಏಪ್ರಿಲ್ 30ಕ್ಕೆ ಬಂತು. ಕನಕ ಜಯಂತಿ, ವಾಲ್ಮೀಕಿ ಜಯಂತಿಯೂ ಹೀಗೇ ಓಡಾಡುತ್ತವೆ. ಹೋದ ವರ್ಷದ ಪಟ್ಟಿ ನೋಡಿ ಈ ವರ್ಷ ಬರೆದರೆ ಕೆಟ್ಟಿರಿ. ಕೆಲವರಿಗೆ ಎರಡೂ ಉಂಟು. ವಿವೇಕಾನಂದರ ಜನ್ಮದಿನ ಜನವರಿ 12, ಅದೇ ರಾಷ್ಟ್ರೀಯ ಯುವ ದಿನ. ರಾಮಕೃಷ್ಣ ಮಠದಲ್ಲಿ ಜಯಂತಿ ನಡೆಯುವುದು ತಿಥಿ ನೋಡಿಕೊಂಡು. ಎರಡೂ ಸರಿಯೇ. ಬೋರ್ಡಿನಲ್ಲಿ ಯಾವುದು ಬರೆಯುತ್ತಿದ್ದೀರಿ ಅಂತ ನಿಮಗೆ ಗೊತ್ತಿದ್ದರೆ ಆಯಿತು.

ಎರಡನೆಯದು, ಹುಟ್ಟಿದ ತಾರೀಖು ಮನೆಯವರು ಹೇಳಿದ್ದೋ, ಶಾಲೆಯವರು ಬರೆದದ್ದೋ? ಈ ಕಷ್ಟ ನಮ್ಮ ಕಡೆ ಯಾರಿಗೂ ಹೊಸದಲ್ಲ. ನನ್ನ ಸರ್ಟಿಫಿಕೇಟಿನಲ್ಲಿ ಜೂನ್ 1 ಅಂತಿದೆ. ಅಮ್ಮನನ್ನು ಕೇಳಿದರೆ "ಮಾರ್ನಮಿ ಇನ್ನೂ ನಾಲ್ಕು ದಿನ ಇತ್ತು, ಸೋಮವಾರ" ಅನ್ನುತ್ತಿದ್ದರು. ಮಾರ್ನಮಿ ಎಲ್ಲಿ, ಜೂನ್ ಎಲ್ಲಿ! ಶಾಲೆಗೆ ಸೇರಿಸಿಕೊಳ್ಳುವಾಗ ವಯಸ್ಸು ಸರಿಹೋಗಲಿ ಅಂತ ಮೇಷ್ಟ್ರು ಬರೆದ ತಾರೀಖು ಅದು. ನಮ್ಮ ಸ್ಟಾಫ್ ರೂಮಿನಲ್ಲೇ ಜೂನ್ 1ರಂದು ಹುಟ್ಟಿದವರು ಮೂರು ಜನ ಇದ್ದೆವು. ಒಂದೇ ಕೇಕು ತಂದು ಮೂವರೂ ಕತ್ತರಿಸುತ್ತಿದ್ದೆವು. ಹಾಗಾಗಿ ಊರಿನ ಹಿರಿಯರ ಹುಟ್ಟಿದ ದಿನ ಹಾಕುವ ಮುಂಚೆ ಅವರ ಮನೆಗೆ ಒಂದು ಫೋನ್ ಮಾಡಿ. ಜೂನ್ 1 ಅಂತ ಕಂಡರಂತೂ ಎರಡು ಸಲ ಮಾಡಿ.

ಮೂರನೆಯದು ವರ್ಷದ ಲೆಕ್ಕ. ವಿಶ್ವೇಶ್ವರಯ್ಯನವರ ವಿಷಯದಲ್ಲಿ ಪೇಪರ್‌ನಿಂದ ಪೇಪರ್‌ಗೆ ಒಂದು ವರ್ಷ ಆಚೀಚೆ ಆಗುವುದನ್ನು ನೀವೂ ನೋಡಿರಬಹುದು. ಇದಕ್ಕೆ ಎರಡು ಕಾರಣ ಇವೆ. ಅವರು ಹುಟ್ಟಿದ ವರ್ಷ ಕೆಲವು ಕಡೆ 1860 ಅಂತಿದೆ, ಕೆಲವು ಕಡೆ 1861 ಅಂತಿದೆ. ಅಂಚೆ ಇಲಾಖೆ ಅವರ ಜನ್ಮಶತಮಾನೋತ್ಸವದ ಸ್ಟಾಂಪ್ ತಂದದ್ದು 1960ರ ಸೆಪ್ಟೆಂಬರ್ 15ರಂದು, ಅಂದರೆ 1860ರ ಲೆಕ್ಕ ಹಿಡಿದು. ಆಗ ಅವರು ಬದುಕಿದ್ದರು. ತಮ್ಮದೇ ಶತಮಾನೋತ್ಸವದ ಸ್ಟಾಂಪನ್ನು ಕಣ್ಣಾರೆ ನೋಡುವ ಯೋಗ ಎಷ್ಟು ಜನಕ್ಕೆ ಸಿಗುತ್ತದೆ ಹೇಳಿ! ಬೋರ್ಡಿಗೆ ಈ ಸಾಲೇ ಸಾಕು, ಮಕ್ಕಳು ನಿಂತು ಓದುತ್ತಾರೆ.

ಇನ್ನೊಂದು ಕಾರಣ 'ನೇ' ಎಂಬ ಅಕ್ಷರ. 1861 ಅಂತಲೇ ಹಿಡಿಯಿರಿ. 2025ಕ್ಕೆ 164 ವರ್ಷ ತುಂಬಿತು. ಹುಟ್ಟಿದ ದಿನವನ್ನೇ ಒಂದು ಅಂತ ಎಣಿಸಿದವರು 165ನೇ ಜಯಂತಿ ಅನ್ನುತ್ತಾರೆ. 2022ರ ಆಗಸ್ಟ್ 15ಕ್ಕೆ ಸ್ವಾತಂತ್ರ್ಯ ಬಂದು 75 ವರ್ಷ ತುಂಬಿತ್ತು, ಆದರೆ ಅದು 76ನೇ ಸ್ವಾತಂತ್ರ್ಯ ದಿನ. ಆ ವರ್ಷ ಫ್ಲೆಕ್ಸ್ ಬರೆಸಿದ ಅರ್ಧ ಊರು 75 ಅಂತ, ಇನ್ನರ್ಧ 76 ಅಂತ ಹಾಕಿಸಿತ್ತು. ನನ್ನ ಸಲಹೆ ಕೇಳುವುದಾದರೆ 'ನೇ' ಸಹವಾಸವೇ ಬೇಡ. "ಹುಟ್ಟಿದ್ದು ಇಂಥ ವರ್ಷ" ಅಂತ ಬರೆಯಿರಿ. ಲೆಕ್ಕವನ್ನು ಮಕ್ಕಳು ಮಾಡಿಕೊಳ್ಳಲಿ, ಅದಕ್ಕೇ ಅಲ್ವಾ ಶಾಲೆ ಇರುವುದು?

ನಾಲ್ಕನೆಯದು: ಆ ದಿನ ನಿಜವಾಗಿ ಆದದ್ದು ಏನು? "ಸೆಪ್ಟೆಂಬರ್ 15, 1959: ದೂರದರ್ಶನ ಆರಂಭ" ಅಂತ ಬರೆದರೆ ತಪ್ಪೇನೂ ಅಲ್ಲ. ಆದರೆ ಓದಿದವರಿಗೆ ಅವತ್ತೇ ಊರೂರಲ್ಲಿ ಟಿವಿ ಬಂತು ಅನ್ನಿಸುತ್ತದೆ. ಅವತ್ತು ಶುರುವಾದದ್ದು ದೆಹಲಿಯಲ್ಲಿ, ಪ್ರಯೋಗಕ್ಕೆ ಅಂತ, ಆಕಾಶವಾಣಿಯ ಕೈಕೆಳಗೆ. ದೂರದರ್ಶನ ಆಕಾಶವಾಣಿಯಿಂದ ಬೇರೆಯಾದದ್ದು 1976ರಲ್ಲಿ. ನವೆಂಬರ್ 1ರ ಬೋರ್ಡಿನಲ್ಲೂ ಇದೇ ಗೋಳು. "1956ರಲ್ಲಿ ಕರ್ನಾಟಕ ಎಂದು ನಾಮಕರಣ" ಅಂತ ಬರೆದದ್ದನ್ನು ಎಷ್ಟು ಕಡೆ ಒರೆಸಿದ್ದೇನೋ ಲೆಕ್ಕವಿಲ್ಲ. 1956ರಲ್ಲಿ ಒಂದಾದದ್ದು ಮೈಸೂರು ರಾಜ್ಯ ಎಂಬ ಹೆಸರಿನಲ್ಲಿ. ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ಕ್ಕೆ. ಎರಡೂ ಒಂದೇ ತಾರೀಖು ಆದ್ದರಿಂದ ಕಲಸಿಹೋಗಿದೆ.

ವಿಶ್ವೇಶ್ವರಯ್ಯನವರ ಬಗ್ಗೆ ಬರೆಯುವಾಗ "ಕನ್ನಂಬಾಡಿ ಕಟ್ಟಿದರು" ಅಂತ ಎರಡೇ ಪದದಲ್ಲಿ ಮುಗಿಸುತ್ತಾರೆ. ಕೆಲಸ ಶುರುವಾದದ್ದು 1911ರಲ್ಲಿ, ಅವರು ಮೈಸೂರಿನ ಮುಖ್ಯ ಇಂಜಿನಿಯರ್ ಆಗಿದ್ದಾಗ. ಮರುವರ್ಷ ದಿವಾನರಾದರು, 1918ರ ತನಕ ಇದ್ದರು. ಅಣೆಕಟ್ಟು ಮುಗಿಯುವ ಹೊತ್ತಿಗೆ 1930ರ ದಶಕ ಬಂದಿತ್ತು. ಹಣ ಹೊಂದಿಸಿಕೊಟ್ಟು ಕೊನೆ ಮುಟ್ಟಿಸಿದ ನಾಲ್ವಡಿ ಕೃಷ್ಣರಾಜ ಒಡೆಯರ್, ಆಮೇಲೆ ಬಂದ ಇಂಜಿನಿಯರುಗಳು, ಕಲ್ಲು ಹೊತ್ತ ಸಾವಿರಾರು ಜನ, ಊರು ಬಿಟ್ಟು ಎದ್ದುಹೋದವರು ಎಲ್ಲರೂ ಆ ಎರಡು ಪದದಲ್ಲಿ ಮುಳುಗಿಹೋಗುತ್ತಾರೆ. ರೈಲಿನ ಸದ್ದು ಕೇಳಿಯೇ ಮುಂದೆ ಹಳಿ ಮುರಿದಿದೆ ಅಂದರಂತೆ ಎಂಬ ಕಥೆಯೂ ಪ್ರತಿ ವರ್ಷ ಬರುತ್ತದೆ. ನನಗೆ ಬಂದ ಯಾವ ಮೆಸೇಜಿನಲ್ಲೂ ವರ್ಷವಿಲ್ಲ, ಸ್ಟೇಷನ್ನಿನ ಹೆಸರಿಲ್ಲ. ಬೋರ್ಡಿಗೆ ಬೇಡ. ಬೇಕಾದರೆ ಊಟದ ಬಿಡುವಿನಲ್ಲಿ ಕಥೆ ಅಂತಲೇ ಹೇಳಿ.

ಐದನೆಯದು ಆಚರಣೆಗಳಿಗೆ: ದಿನ ಬದಲಾಗಿದೆಯೋ? ನಾನು ಬಿದ್ದದ್ದು ಇಲ್ಲೇ. ಡಿಸೆಂಬರ್ 29, ಕುವೆಂಪು ಹುಟ್ಟಿದ ದಿನ. ಅದರ ಕೆಳಗೆ "ಅಂತರರಾಷ್ಟ್ರೀಯ ಜೀವವೈವಿಧ್ಯ ದಿನ" ಅಂತ ಅಂದವಾಗಿ ಬರೆದು ಕೈ ಒರೆಸಿಕೊಂಡೆ. ವಿಜ್ಞಾನದ ಮೇಡಂ ಬಂದು, "ಸಾರ್, ಅದನ್ನ ಮೇ 22ಕ್ಕೆ ತಗೊಂಡು ಹೋಗಿ ಎಷ್ಟೋ ವರ್ಷ ಆಯ್ತಲ್ಲ" ಅಂದರು. ನಿಜ. ಮೊದಲು ಡಿಸೆಂಬರ್ 29 ಇತ್ತು, 2000ದಲ್ಲಿ ವಿಶ್ವಸಂಸ್ಥೆ ಬದಲಾಯಿಸಿತು. ನನ್ನ ಬೋರ್ಡಿಗೆ ಅದು ಬಂದದ್ದು ಬಸ್ ಸ್ಟ್ಯಾಂಡಿನ ಪುಸ್ತಕದಿಂದ. ಅವತ್ತೇ ಅದನ್ನು ರದ್ದಿಗೆ ಹಾಕಿದೆ. ಅದರಲ್ಲಿ ಕುವೆಂಪು ಹುಟ್ಟಿದ್ದು ಕುಪ್ಪಳಿ ಅಂತಲೂ ಇತ್ತು. ಕುಪ್ಪಳಿ ಬೆಳೆದ ಊರು. ಹುಟ್ಟಿದ್ದು ತಾಯಿಯ ತವರು, ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ.

ಹೊರದೇಶದ ಘಟನೆಗಳಿಗೆ ಇನ್ನೊಂದು ತೊಡಕು, ಗಡಿಯಾರದ್ದು. ಚಂದ್ರನ ಮೇಲೆ ಅಪೊಲೊ 11 ಇಳಿದದ್ದು 1969ರ ಜುಲೈ 20 ಅಂತ ಎಲ್ಲ ಕಡೆ ಇದೆ. ನಮ್ಮ ಗಡಿಯಾರದಲ್ಲಿ ಆಗ 21ರ ನಸುಕಿನ ಒಂದೂಮುಕ್ಕಾಲು ದಾಟಿತ್ತು. 20 ಅಂತಲೇ ಬರೆಯಿರಿ, ಆದರೆ ಯಾರಾದರೂ ಅಜ್ಜ ಬಂದು "ನಾನು ರೇಡಿಯೋ ಕೇಳಿದ್ದು 21ಕ್ಕೆ ಕಣಯ್ಯಾ" ಅಂದರೆ ವಾದಕ್ಕೆ ಹೋಗಬೇಡಿ.

ಹೆಜ್ಜೆ 4: ಐದು ಉಳಿಸಿ, ಉಳಿದದ್ದು ಹೊಡೆದುಹಾಕಿ

ಐದಕ್ಕಿಂತ ಜಾಸ್ತಿ ಸಾಲು ಬರೆದ ಬೋರ್ಡನ್ನು ಬರೆದವನು ಬಿಟ್ಟು ಯಾರೂ ಓದುವುದಿಲ್ಲ. ನನ್ನ ಪದ್ಧತಿ ಇದು: ಒಂದು ನಮ್ಮ ನಾಡಿನದು, ಒಂದು ದೇಶದ್ದು, ಒಂದು ಹೊರಗಿನದು, ಒಂದು ಆಚರಣೆ, ಒಂದು ನಮ್ಮೂರಿನದು. ಸೆಪ್ಟೆಂಬರ್ 15ಕ್ಕೆ ವಿಶ್ವೇಶ್ವರಯ್ಯ, ದೆಹಲಿಯ ಟಿವಿ, ಮಧ್ಯ ಅಮೆರಿಕದ ಐದು ದೇಶಗಳು (ಮ್ಯಾಪಿನಲ್ಲಿ ಹುಡುಕಿಸಿ, ಮಜಾ ಬರುತ್ತದೆ), ಪ್ರಜಾಪ್ರಭುತ್ವ ದಿನ. 2024ರಲ್ಲಿ ಈ ದಿನಕ್ಕೇ ಬೀದರ್‌ನಿಂದ ಚಾಮರಾಜನಗರದ ತನಕ ಮಾನವ ಸರಪಳಿ ಮಾಡಿದ್ದರಲ್ಲ, ನಿಮ್ಮ ಊರಿನವರು ಅದರಲ್ಲಿ ಕೈ ಹಿಡಿದು ನಿಂತಿದ್ದರೆ ಐದನೇ ಸಾಲೂ ಸಿಕ್ಕಿತು. ಲೇಮನ್ ಬ್ರದರ್ಸ್ ದಿವಾಳಿ ಆರನೇ ಕ್ಲಾಸಿನವರಿಗೆ ಬೇಡ. ಸಿನಿಮಾ ನಟರ ಹುಟ್ಟುಹಬ್ಬವನ್ನು ನಾನು ಹಾಕುವುದಿಲ್ಲ. ಅದನ್ನು ನೆನಪಿಡಲು ಅಭಿಮಾನಿಗಳಿದ್ದಾರೆ.

ನಮ್ಮೂರಿನ ಸಾಲು ಮಾತ್ರ ಬಿಡಬೇಡಿ. ಶಾಲೆಯ ಗೋಡೆಯಲ್ಲಿರುವ ಶಂಕುಸ್ಥಾಪನೆಯ ಕಲ್ಲು ಓದಿ. ಪಂಚಾಯಿತಿ ಕಟ್ಟಡದ್ದು, ಸೇತುವೆಯದ್ದೂ ಓದಿ. ತಾರೀಖು ಅಲ್ಲೇ ಕೆತ್ತಿರುತ್ತದೆ. ನಾನು ಒಮ್ಮೆ "ನಮ್ಮ ಕೆರೆ ಕೋಡಿ ಬಿದ್ದ ದಿನ" ಅಂತ ಬರೆದಿದ್ದೆ. ಅವತ್ತು ಬೋರ್ಡಿನ ಮುಂದೆ ನಿಂತಷ್ಟು ಜನ ಮತ್ಯಾವತ್ತೂ ನಿಲ್ಲಲಿಲ್ಲ.

ಹೆಜ್ಜೆ 5: ಪದ ನೋಡಿ ಬರೆಯಿರಿ

ಬದುಕಿರುವವರಿಗೆ ಹುಟ್ಟುಹಬ್ಬ, ಶುಭಾಶಯ. ತೀರಿಕೊಂಡವರಿಗೆ ಜಯಂತಿ ಅಥವಾ ಜನ್ಮದಿನದ ನೆನಪು. ಸಾವಿನ ದಿನಕ್ಕೆ ಪುಣ್ಯಸ್ಮರಣೆ. ಇಷ್ಟೇ ವ್ಯಾಕರಣ. ಆದರೂ "ಹುತಾತ್ಮರ ದಿನಾಚರಣೆಯ ಹಾರ್ದಿಕ ಶುಭಾಶಯಗಳು" ಎಂಬ ಫ್ಲೆಕ್ಸನ್ನು ನಾನೇ ನೋಡಿದ್ದೇನೆ. ಅದು ಜನವರಿ 30, ಗಾಂಧೀಜಿಗೆ ಗುಂಡು ಹೊಡೆದ ದಿನ. ಗುಡ್ ಫ್ರೈಡೇಗೂ ಮೊಹರಂಗೂ ಶುಭಾಶಯ ಬರೆಯುವ ಮುಂಚೆ ಆ ಧರ್ಮದ ಒಬ್ಬರನ್ನು ಕೇಳಿ. ಅವೆರಡೂ ಶೋಕದ ನೆನಪು ಇರುವ ದಿನಗಳು.

ಒಂದು ಸಾಲಿಗೆ ಹತ್ತು ಹನ್ನೆರಡು ಪದ. "ಮಹಾನ್ ಚೇತನ", "ಧ್ರುವತಾರೆ", "ಅಜರಾಮರ" ಯಾವುದೂ ಬೇಡ. "1955ರಲ್ಲಿ ಭಾರತ ರತ್ನ ಸಿಕ್ಕಿತು" ಅಂದರೆ ಅದಕ್ಕಿಂತ ಜಾಸ್ತಿ ತಿಳಿಯುತ್ತದೆ.

ಹೆಜ್ಜೆ 6: ಬೋರ್ಡಿಗೆ ಏರಿಸಿ

ಕರಿ ಹಲಗೆಯೇ ಒಳ್ಳೆಯದು. ಬಿಳಿ ಬೋರ್ಡಿನ ಮಾರ್ಕರ್ ಬುಧವಾರ ತಂದರೆ ಶುಕ್ರವಾರಕ್ಕೆ ಒಣಗಿರುತ್ತದೆ. ಅಳಿಸದ ಮಾರ್ಕರ್‌ನಲ್ಲಿ ಯಾರಾದರೂ ಬರೆದುಬಿಟ್ಟರೆ ವರ್ಷಪೂರ್ತಿ ಒಂದೇ ದಿನ ವಿಶೇಷ. ಬಿಳಿ ಚಾಕ್‌ಪೀಸನ್ನು ನೀರಿನಲ್ಲಿ ಅದ್ದಿ ಬರೆದರೆ ಒಣಗಿದ ಮೇಲೆ ಎದ್ದು ಕಾಣುತ್ತದೆ. ಕೆಂಪು ಚಾಕ್‌ಪೀಸ್ ದೂರಕ್ಕೆ ಕಾಣುವುದಿಲ್ಲ, ಹಳದಿ ತನ್ನಿ. ಭಾನುವಾರದ್ದನ್ನು ಶನಿವಾರವೇ "ನಾಳೆ" ಅಂತ ಬರೆದಿಡಿ.

ಕೊನೆಯದು, ಒಂದು ದಪ್ಪ ನೋಟ್‌ಬುಕ್ ಇಟ್ಟು ದಿನಕ್ಕೊಂದು ಪುಟ ಬಿಡಿ. ಪರೀಕ್ಷೆ ಮಾಡಿದ ಸಾಲನ್ನು ಮಾತ್ರ ಅದಕ್ಕೆ ಏರಿಸಿ, ಮುಂದಿನ ವರ್ಷ ಅರ್ಧ ಕೆಲಸ ಉಳಿಯುತ್ತದೆ. ಪುಟ 366 ಇರಲಿ, 365 ಬೇಡ. ನನ್ನ ಪುಸ್ತಕದಲ್ಲಿ ಫೆಬ್ರವರಿ 29ರ ಪುಟಕ್ಕೆ ಇನ್ನೂ ಒಂದೇ ಸಾಲು ಇದೆ: ಮೊರಾರ್ಜಿ ದೇಸಾಯಿ, ಹುಟ್ಟಿದ್ದು 1896. 1900ರಲ್ಲಿ ಫೆಬ್ರವರಿಗೆ 28 ದಿನವೇ ಇದ್ದದ್ದು, ಹಾಗಾಗಿ ಮೊದಲ ಹುಟ್ಟುಹಬ್ಬದ ತಾರೀಖು ಬರುವಷ್ಟರಲ್ಲಿ ಹುಡುಗನಿಗೆ ಎಂಟು ವರ್ಷ.